ಪಂಚಮಿಗೆ ಬಂದ ಅಣ್ಣ

ಜುಲೈ 2, ಬುಧವಾರ

ಇವತ್ತೂ ಸಪ್ನಾಳ ಅವ್ವನ ಫೋನು ಬಂತು. ದಿನಾ ಸಂಜೆ ಬರುತ್ತದೆ, ಬರದೆ ಎಲ್ಲಿಗೆ ಹೋಗುತ್ತದೆ. ಏನು ಉಂಡೆ, ತಲೆಗೆ ಎಣ್ಣೆ ಹಚ್ಚಿಕೊಂಡೆಯೋ ಇಲ್ಲವೋ, ಬಾಡಿಗೆ ಮನೆಯ ಒಡತಿ ಅನ್ವರಬಿ ಖಾಲಾ ನೀರು ಬಿಟ್ಟಳೋ ಇಲ್ಲವೋ, ಎಲ್ಲದರ ವಿಚಾರಣೆ ಆಗಬೇಕು. ಇವಳು ಗೋಡೆಗೆ ಒರಗಿ ಕಾಲು ಚಾಚಿಕೊಂಡು ನಗುನಗುತ್ತ ಉತ್ತರ ಕೊಡುತ್ತಾಳೆ. ಅದೇ ಕೋಣೆಯಲ್ಲಿರುವ ಇನ್ನೊಬ್ಬಳು ಏನು ಮಾಡಬೇಕು? ಕಿವಿಗೆ ಹತ್ತಿ ಇಟ್ಟುಕೊಂಡು ಕೂರಬೇಕೇ? ವಡಗೇರಾದಲ್ಲಿ ಜಂಪರು ಹೊಲಿದು ಬದುಕುವ ಹೆಣ್ಣುಮಗಳಿಗೆ ಇಷ್ಟೊಂದು ಪುರಸೊತ್ತು ಎಲ್ಲಿಂದ ಬರುತ್ತದೋ ನನಗೆ ತಿಳಿಯದು. ನಮ್ಮವ್ವ ಕಕ್ಕೇರಾದ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ನಾನೇ ಫೋನು ಮಾಡಿದರೂ "ಆರಾಮ ಇದ್ದೀ ಇಲ್ಲೋ? ಹಂಗಾದ್ರ ಇಡ್ತೀನಿ" ಎಂದು ಇಟ್ಟೇಬಿಡುತ್ತಾಳೆ.

ಇನ್ನೊಂದು ಸುದ್ದಿ. ಕಾಲೇಜಿನಲ್ಲಿ ಬಾಲರಾಜ ಸರ್ ಬೋರ್‌ವೆಲ್ ನೀರಿನ ಪ್ರಾಜೆಕ್ಟಿಗೆ ಈ ಸಲ ಸಪ್ನಾಳನ್ನು ಆರಿಸಿದ್ದಾರೆ. ಕೆಮಿಸ್ಟ್ರಿ ಲ್ಯಾಬಿನ ಒಳಗೆ ತಕ್ಕಡಿ ಇಟ್ಟಿರುವ ಬ್ಯಾಲೆನ್ಸ್ ರೂಮಿನ ಕೀಲಿ ಈಗ ಅವಳ ಕೈಯಲ್ಲಿ. ಹೋದ ವರ್ಷ ಅದು ನನ್ನ ಕೈಯಲ್ಲಿತ್ತು. ಹಾಗೆ ನೋಡಿದರೆ ಸರ್ ನನಗೆ ಅಣ್ಣನಾಗಬೇಕು. ಹೋದ ವರ್ಷ ಪಂಚಮಿಗೆ ನಮ್ಮ ಮನೆಗೆ ಬಂದು, ಸೀರೆ-ಕುಬಸ ಕೊಟ್ಟು, ತಂಗಿ ಎಂದು ಕರೆದು ಹೋದವರು. ತಂಗಿ ಕಣ್ಣೆದುರು ಇರುವಾಗ ಬೇರೆಯವಳ ಕೈಗೆ ಕೀಲಿ ಯಾಕೆ? ನನಗೆ ಆ ಕೀಲಿ ಬೇಕಾಗಿಲ್ಲ. ಆದರೂ ಅವಳಿಗೆ ಕೊಟ್ಟಿದ್ದು ಸರಿಯಲ್ಲ.

ಜುಲೈ 4, ಶುಕ್ರವಾರ

ಸಂಜೆ ಸಪ್ನಾ ಲ್ಯಾಬಿನಿಂದ ಬಂದವಳು ಬಚ್ಚಲಿಗೆ ಹೋಗಿ ಕೈ ತೊಳೆದಳು, ತೊಳೆದಳು, ತೊಳೆಯುತ್ತಲೇ ಇದ್ದಳು. ನಾನು ಬಾಗಿಲು ಬಡಿದು ಬೈದೆ. ಹೊರಗೆ ಬಂದ ಮೇಲೆ ಹೇಳಿದಳು. ಸರ್ ನೀರಿನ ಲೆಕ್ಕ ತೋರಿಸುತ್ತೇನೆಂದು ಒಳಗೆ ಕರೆದರಂತೆ. ಗಾಳಿಗೆ ತಕ್ಕಡಿ ಒಂದೇ ಕಡೆ ನಿಲ್ಲುವುದಿಲ್ಲ ಎಂದು ಬಾಗಿಲು ಹಾಕಿದರಂತೆ.

ಆಮೇಲಿನದನ್ನು ಅವಳು ಹೇಳುವ ಮೊದಲೇ ನನಗೆ ಗೊತ್ತಿತ್ತು. ಗಾಳಿಯ ಮಾತು ಕೇಳಿದ ಕೂಡಲೇ ಗೊತ್ತಾಯಿತು.

"ಸುಮ್ಮನಿರು. ಇಂಟರ್ನಲ್ ಮಾರ್ಕ್ಸ್ ಅವ್ರ ಕೈಯಾಗ ಅದಾವ" ಎಂದೆ. ಅವಳು ಕಣ್ಣು ಕಿಸಿದು ನನ್ನನ್ನು ನೋಡಿದಳು. ನಂತರ ಫೋನು ತೆಗೆದು, ನನ್ನೆದುರಿಗೇ, ತನ್ನ ಅವ್ವನಿಗೆ ಎಲ್ಲವನ್ನೂ ಹೇಳಿದಳು. ಎಲ್ಲವನ್ನೂ! ಎಲ್ಲಿ ಕೈ ಹಾಕಿದರು, ಎಷ್ಟು ಹೊತ್ತು, ಹೇಗೆ ಬಿಡಿಸಿಕೊಂಡು ಬಂದೆ. ಅವ್ವನಿಗೆ ಹೀಗೆ ಹೇಳಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಈಗ ಬೈಗುಳ ಬೀಳುತ್ತದೆ, ಬೀಳಲಿ, ಎಂದು ಕಾದೆ.

ಆ ಕಡೆಯಿಂದ ದೊಡ್ಡ ದನಿ ಕೇಳಿಸಿತು. "ನಿಂದೇನ್ ತಪ್ಪಿಲ್ಲ ಸಪ್ನವ್ವ. ಉಂಡು ಮಲ್ಕೋ. ಮುಂಜಾನಿ ಮೊದಲನೇ ಬಸ್ಸಿಗೆ ನಾ ಅಲ್ಲಿರ್ತೀನಿ."

ಇದು ನನ್ನೊಬ್ಬಳ ಪುಸ್ತಕ, ಇಲ್ಲಿ ಸುಳ್ಳು ಯಾಕೆ ಬರೆಯಲಿ. ನನ್ನ ಹೊಟ್ಟೆ ಉರಿಯಿತು. ಅಳುತ್ತ ಕೂತವಳ ಮೇಲೆ ಹೊಟ್ಟೆಕಿಚ್ಚು ಪಡುವವಳು ಶಹಾಪುರದಲ್ಲಿ ನಾನೊಬ್ಬಳೇ ಇರಬೇಕು.

ಜುಲೈ 5, ಶನಿವಾರ

ಬಂದೇಬಿಟ್ಟಳು. ಹೆಸರು ಹಣಮಂತಮ್ಮ. ಅವಸರದಲ್ಲಿ ಮಿಷನ್ನಿನ ಮುಂದಿನಿಂದ ಎದ್ದು ಬಂದಿದ್ದಾಳೆ, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಹಾಗೆಯೇ ಪ್ರಿನ್ಸಿಪಾಲರ ಕೋಣೆಗೆ ನಡೆದಳು. ನಾನೂ ಸಪ್ನಾಳ ಹಿಂದೆ ನಿಂತಿದ್ದೆ, ತಮಾಷೆ ನೋಡೋಣ ಎಂದು.

ಪ್ರಿನ್ಸಿಪಾಲರು ನೀರು ತರಿಸಿದರು, ಚಹಾ ತರಿಸಿದರು. "ಬರವಣಿಗಿ ದೂರು ಬ್ಯಾಡ್ರಿ ಅಮ್ಮಾ, ನಾನೇ ಕರದು ಬುದ್ಧಿ ಹೇಳ್ತೀನಿ. ಸುಮ್ಮನ ಹುಡುಗಿ ಹೆಸರು ಕೆಡ್ತದ."

"ಆಕಿ ಹೆಸರು ಯಾಕ ಕೆಡ್ತದ್ರಿ? ಕೈ ಹಾಕಿದಾಕಿ ಆಕಿ ಏನು?" ಎಂದಳು ಹಣಮಂತಮ್ಮ. ದನಿ ಏರಿಸಲಿಲ್ಲ. "ಇಂಥಾ ದೂರು ತಗೋಳಾಕ ಕಾಲೇಜಿನ್ಯಾಗ ಒಂದು ಕಮಿಟಿ ಇರ್ತದಂತ. ಅದು ಎಲ್ಲದ ಅಷ್ಟು ಹೇಳ್ರಿ."

ಕಮಿಟಿ ಇತ್ತು. ಮೆಟ್ಟಿಲ ಕೆಳಗೆ ಕುಡಿಯುವ ನೀರಿನ ಫಿಲ್ಟರಿನ ಹಿಂದೆ ಅದರ ಬೋರ್ಡೂ ಇತ್ತು. ಆಂತರಿಕ ದೂರು ಸಮಿತಿ, ಅಧ್ಯಕ್ಷರು ಇತಿಹಾಸದ ಮೇಡಂ, ಕೆಳಗೆ ಮಹಿಳಾ ಸಹಾಯವಾಣಿಯ 181. ಎರಡು ವರ್ಷ ಆ ನೀರು ಕುಡಿದಿದ್ದೇನೆ, ಒಂದು ದಿನವೂ ತಲೆಯೆತ್ತಿ ಓದಿರಲಿಲ್ಲ. ಓದಿದ್ದರೂ ಏನಾಗುತ್ತಿತ್ತು, ನನ್ನ ಜೊತೆ ಬರುವವರು ಯಾರಿದ್ದರು.

ಇತಿಹಾಸದ ಮೇಡಂ ದೂರು ತೆಗೆದುಕೊಂಡರು. ಹಣಮಂತಮ್ಮ ನಕಲಿನ ಮೇಲೆ ಸೀಲು ಹಾಕಿಸಿಕೊಂಡೇ ಎದ್ದಳು. ಹೋಗುವಾಗ ನನ್ನ ಗಲ್ಲ ಹಿಡಿದು "ಇಂಥಾ ಗೆಳತಿ ಇದ್ರ ನನಗ ಚಿಂತಿಲ್ಲ ನೋಡವ್ವ" ಎಂದಳು. ನನಗೆ ಕೆಟ್ಟ ಸಿಟ್ಟು ಬಂತು.

ಜುಲೈ 9, ಬುಧವಾರ

ಸಪ್ನಾ, ಸಪ್ನಾ, ಸಪ್ನಾ. ಕ್ಲಾಸಿನ ಹುಡುಗಿಯರಿಗೆ ಬೇರೆ ಮಾತೇ ಇಲ್ಲ. ಎಂಥ ಧೈರ್ಯವಂತೆ, ಎಂಥ ಅವ್ವ ಅಂತೆ.

ಹಾಗಾದರೆ ನನ್ನದನ್ನೂ ಬರೆದುಬಿಡುತ್ತೇನೆ. ಹೋದ ವರ್ಷ ಇದೇ ತಿಂಗಳು, ಅದೇ ಕೋಣೆ, ಅದೇ ಗಾಳಿಯ ಮಾತು. ಹಿಂದಿನಿಂದ ಬಂದು ಸೊಂಟ ಹಿಡಿದರು. ಆ ಕೈ ಮೇಲಕ್ಕೆ ಬಂತು. ನನ್ನ ಕೈಯಲ್ಲಿದ್ದ ಬಾಟಲಿ ಬಿದ್ದು ಒಡೆಯಿತು, ಆ ಸದ್ದಿಗೆ ಬಿಟ್ಟರು. ಒಡೆದ ಗಾಜನ್ನು ನಾನೇ ಬಳಿದೆ.

ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಸಪ್ನಾಳ ಹಾಗೆ ಬಿಡಿಸಿ ಹೇಳಲಿಲ್ಲ, ಅರ್ಧ ಹೇಳಿದೆ. ಅವ್ವ ಅರ್ಧಕ್ಕೇ ನನ್ನ ಬಾಯಿ ಮುಚ್ಚಿ "ಅಪ್ಪನ ಮುಂದ ಹೇಳಬ್ಯಾಡ" ಎಂದಳು. ಸುರಪುರದಲ್ಲಿ ಗೊಬ್ಬರದಂಗಡಿ ಇಟ್ಟಿರುವ ತನ್ನ ತಮ್ಮ ಬಸವಂತ್ರಾಯನನ್ನು ಕರೆಸಿದಳು. ನಮ್ಮ ಸೋದರಮಾವ ಎಂದರೆ ಸುತ್ತಲ ಹತ್ತೂರಿಗೆ ಪಂಚ. ಗಂಡಹೆಂಡಿರ ಜಗಳ, ಹೊಲದ ಬದುವಿನ ಜಗಳ, ಯಾವುದಾದರೂ ಕೂಡಿಸಿ ಮುಗಿಸುತ್ತಾನೆ. ಇದನ್ನೂ ಮುಗಿಸಿದ. ಪಂಚಮಿ ಎಂದರೆ ನಮ್ಮ ಕಡೆ ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಅರಿವೆ ತರುವ ಹಬ್ಬ. ಆ ದಿನ ಸರ್‌ನನ್ನು ಮನೆಗೆ ಕರೆತಂದು, ನನ್ನ ಕೈಗೆ ಸೀರೆ-ಕುಬಸ ಕೊಡಿಸಿ, ಧರ್ಮದ ಅಣ್ಣನನ್ನಾಗಿ ಮಾಡಿಬಿಟ್ಟ. ಸರ್ ಒಳ್ಳೆಯವರೆಂದು ಅಪ್ಪ ಎರಡು ಸಲ ಬಡಿಸಿದ. ನಾನು ಆರತಿ ಬೆಳಗಿದೆ. ಕಾಲಿಗೂ ಬಿದ್ದೆ.

ಅಲ್ಲಿಗೆ ಮುಗಿಯಿತು ಎಂದರು, ಮುಗಿಯಿತು ಎಂದುಕೊಂಡೆ. ಆಮೇಲೆ ಸರ್ ನನ್ನನ್ನು ಮುಟ್ಟಲೂ ಇಲ್ಲ. ನನಗಿಷ್ಟೇ ಗೊತ್ತಾಗಬೇಕು: ನನ್ನ ಪಾಲಿಗೆ ಸೀರೆ ಬಂತು, ಸಪ್ನಾಳ ಪಾಲಿಗೆ ಅವ್ವ ಬಂದಳು. ಯಾಕೆ ಹೀಗೆ?

ಜುಲೈ 14, ಸೋಮವಾರ

ಯಾದಗಿರಿಗೆ ಹೋಗಿಬಂದೆವು. ಸಪ್ನಾ 181ಕ್ಕೆ ಫೋನು ಮಾಡಿದ್ದಳು, ಅವರು ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರಕ್ಕೆ ಹೋಗಲು ಹೇಳಿದರಂತೆ. ಹಣಮಂತಮ್ಮನಿಗೆ ಲಗ್ನದ ಜಂಪರುಗಳ ಹೊರೆ ಇತ್ತು, ನೀನು ಹೋಗವ್ವ ಎಂದು ನನ್ನನ್ನು ಹಚ್ಚಿ ಕಳಿಸಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ಹೋದೆ, ಅಷ್ಟೇ.

ಅಲ್ಲಿದ್ದವರು ಅಲ್ಮಾಸ ಮೇಡಂ. ನಮಗಿಂತ ಆರೇಳು ವರ್ಷ ದೊಡ್ಡವರಿರಬೇಕು. ಸಪ್ನಾಳ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಕೇಳಿದರು. ಎದುರಿಗೆ ಕೂತ ನನಗೆ ಕೈ ಇರಲಿಲ್ಲವೇ?

"ನೋಡಮ್ಮಾ, ಕಾಲೇಜಿನ ಕಮಿಟಿ ಒಂದು ದಾರಿ, ಪೊಲೀಸ್ ಸ್ಟೇಷನ್ ಇನ್ನೊಂದು. ಒಂದಕ್ಕಾದ್ರೂ ಹೋಗು, ಎರಡಕ್ಕೂ ಹೋಗು, ಅದು ನಿನ್ನ ಖುಷಿ. ಯಾರೂ ಜುಲ್ಮಿ ಮಾಡಂಗಿಲ್ಲ. ವಕೀಲರು ಬೇಕಂದ್ರ ನಾವು ಕೊಡಸ್ತೀವಿ, ಸ್ಟೇಷನ್ನಿಗೆ ಜೋಡಿ ಬರ್ತೀವಿ. ನಿನ್ನ ಪ್ರಾಕ್ಟಿಕಲ್ ಅವನ ಕೈಯಾಗ ಇರಬಾರದು ಅಂತ ಈಗೇ ಬರದು ಕೇಳು. ರಾಜಿ ಅಂತ ಯಾರರೆ ಬಂದ್ರ ನೀ ಹೂಂ ಅನಬೇಕಾಗಿಲ್ಲ. ನೀನಾಗೇ ಕೇಳದ ಹೊರತು ಕಮಿಟಿ ರಾಜಿ ಮಾಡಸಂಗಿಲ್ಲ."

ಕಮಿಟಿಗೆ ದೂರು ಕೊಡಲು ಮೂರು ತಿಂಗಳು ಎಂದು ಒಂದು ಗಡುವು ಇದೆಯಂತೆ. ಅದನ್ನು ಕೇಳಿ ನನ್ನ ಬಾಯಿ ಸುಮ್ಮನಿರಲಿಲ್ಲ. "ನಮ್ಮ ಗೆಳತಿ ಒಬ್ಬಾಕಿ ಇದ್ದಾಳ್ರಿ, ಗುರುಮಠಕಲ್‌ದಾಕಿ. ಆಕಿದು ಆಗಿ ವರ್ಷ ಆತು. ಆಕಿ ಏನ್ ಮಾಡಬೇಕ್ರಿ?"

ಅಲ್ಮಾಸ ಮೇಡಂ ನನ್ನ ಕಡೆ ತಿರುಗಿದರು. "ಆಕಿ ದೂರು ಕಮಿಟಿ ತಗೋತದೋ ಇಲ್ಲೋ ಈಗ ಹೇಳಾಕ ಬರಂಗಿಲ್ಲ. ಆದ್ರ ಅದೇ ಮನುಷಾನ ಮ್ಯಾಲ ಬ್ಯಾರೆ ಹುಡುಗಿ ದೂರು ಕೊಟ್ಟಿದ್ರ, ಸಾಕ್ಷಿ ಅಂತ ಹೋಗಿ ಹೇಳಬಹುದು. ಪೊಲೀಸರ ಕಡಿ ಬಾಗ್ಲಾನೂ ಮುಚ್ಚಿಲ್ಲ. ಹೇಳಾಕ ಮನಸ್ಸಿಲ್ಲಂದ್ರೂ ಸುಮ್ಮನ ಬಂದು ಕೂಡು ಅನ್ನಮ್ಮಾ ಆಕಿಗೆ. ಚಹಾ ಕುಡದು ಹೋಗಲಿ."

ಬರುವಾಗ ಬಸ್ಸಿನಲ್ಲಿ ಸಪ್ನಾ ಕೇಳಿದಳು, "ಗುರುಮಠಕಲ್‌ದಾಗ ನಿನಗ್ಯಾರ ಗೆಳತಿ?" ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಬಂದವಳಂತೆ ಕೂತೆ.

ಜುಲೈ 18, ಶುಕ್ರವಾರ

ಸಮಿತಿಯವರು ಬಾಲರಾಜ ಸರ್‌ನನ್ನು ನಮ್ಮ ಪ್ರಾಕ್ಟಿಕಲ್‌ನಿಂದ ದೂರ ಇಟ್ಟಿದ್ದಾರೆ. ಬೇರೆ ಸರ್ ಇನ್ನೂ ಬಂದಿಲ್ಲ. ಹೋದ ವಾರ ಧೈರ್ಯಗಾತಿ ಎಂದವರೇ ಇವತ್ತು ಇವಳಿಂದ ನಮ್ಮ ಲ್ಯಾಬು ಹಾಳಾಯಿತು ಎನ್ನುತ್ತಿದ್ದಾರೆ. ಮಾರ್ಕ್ಸ್ ಕಡಿಮೆ ಕೊಟ್ಟಿದ್ದಕ್ಕೆ ಹುಡುಗಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಸರ್ ಬರೆದುಕೊಟ್ಟಿದ್ದಾರಂತೆ. ನೋಡಿದವರು ಯಾರೂ ಇಲ್ಲ, ಇನ್ನೊಬ್ಬರ ಮಾತೂ ಇಲ್ಲ, ಹೀಗಾದರೆ ದೂರು ನಿಲ್ಲುವುದು ಕಷ್ಟ ಎಂದು ಇತಿಹಾಸದ ಮೇಡಂ ಸಪ್ನಾಗೆ ಹೇಳಿದ್ದಾರೆ.

ಮಧ್ಯಾಹ್ನ ಸಪ್ನಾ ಒಬ್ಬಳೇ ಕೂತು ಉಣ್ಣುತ್ತಿದ್ದಳು. ನನಗೆ ಖುಷಿಯಾಗಬೇಕಿತ್ತಲ್ಲ? ಆಗಲಿಲ್ಲ. ಅವಳ ಡಬ್ಬಿಯಲ್ಲಿ ಪುಂಡಿ ಪಲ್ಯ ಇತ್ತು, ಅದಕ್ಕೆ ಹೋಗಿ ಪಕ್ಕದಲ್ಲಿ ಕೂತೆ.

ಜುಲೈ 20, ಭಾನುವಾರ

ಇವತ್ತಿನದನ್ನು ಒಂದೂ ಬಿಡದೆ ಬರೆಯುತ್ತೇನೆ.

ಹಣಮಂತಮ್ಮ ಮಗಳನ್ನು ನೋಡಲು ಬಂದಿದ್ದಳು. ಅನ್ವರಬಿ ಖಾಲಾನ ಅಂಗಳದಲ್ಲಿ ಕೂತು ಯಾರದೋ ಜಂಪರಿಗೆ ಗುಂಡಿ ಹಚ್ಚುತ್ತಿದ್ದಳು. ಅಷ್ಟರಲ್ಲಿ ಇಬ್ಬರು ಹಿರಿಯರನ್ನು ಹಿಂದಿಟ್ಟುಕೊಂಡು ನಮ್ಮ ಬಸವಂತ್ರಾಯ ಮಾವ ಬಂದ. ಬಾಲರಾಜ ಸರ್‌ನ ಪರವಾಗಿ! ಖಾಲಾ ಚಹಾ ಮಾಡಿದಳು, ತಟ್ಟೆ ಹಿಡಿದು ಹಂಚುವ ಕೆಲಸ ನನಗೆ ಬಂತು.

"ತಂಗಿ, ಹಾವೂ ಸಾಯಬಾರದು, ಕೋಲೂ ಮುರಿಬಾರದು" ಎಂದು ಮಾವ ಶುರು ಮಾಡಿದ. "ಪಂಚಮಿ ಹತ್ತರ ಬಂದದ. ಬಾಲರಾಜ ಸೀರಿ-ಕುಬಸ ತರ್ತಾನ, ನಿಮ್ಮ ಮಗಳ ಕೈಲೆ ಆರತಿ ಮಾಡಿಸ್ಕೋತಾನ. ನಾಕು ಮಂದಿ ಮುಂದ ತಂಗಿ ಅಂದಾವ ಮತ್ತ ಕಣ್ಣೆತ್ತಿ ನೋಡಂಗಿಲ್ಲ. ನೀವು ಆ ದೂರು ಹಿಂದ ತಗೋರಿ."

ಹಣಮಂತಮ್ಮ ದಾರವನ್ನು ಹಲ್ಲಿನಿಂದ ಕಡಿದಳು. "ಅವಗ ತಂಗಿ ಬೇಕಾಗಿದ್ರ ಅವ್ರವ್ವನ್ನ ಕೇಳಬೇಕ್ರಿ. ನಾ ಹಡದಿದ್ದು ಅವಗ ತಂಗಿ ಕೊಡಾಕಲ್ಲ."

ಖಾಲಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಹಿರಿಯರಿಬ್ಬರೂ ಬಸಿಯೊಳಗಿನ ಚಹಾ ನೋಡತೊಡಗಿದರು. ಮಾವನಿಗೆ ಮಾತ್ರ ಸೋತು ಗೊತ್ತಿಲ್ಲ. ಪಂಚನಾದವನು ಹಳೆಯ ತೀರ್ಮಾನ ತೋರಿಸಿ ಹೊಸ ತೀರ್ಮಾನ ಮಾಡುತ್ತಾನಲ್ಲ, ಹಾಗೆಯೇ ತೋರಿಸಿದ.

"ಹಂಗನಬ್ಯಾಡ್ರಿ. ಇದೇನ್ ನಡೀದ ಮಾತಲ್ಲ. ಹೋದ ವರ್ಷ ಇದೇ ಬಾಲರಾಜಂದು ನಮ್ಮಕ್ಕನ ಮಗಳ ಜೋಡಿ ಇಂಥಾದೇ ಆಗಿತ್ತು. ಹಿಂಗೇ ಪಂಚಮಿಗೆ ಕರದು ಮುಗಿಸೀವಿ, ಒಂದು ಸುದ್ದಿ ಹೊರಗ ಬರಲಿಲ್ಲ. ನೋಡ್ರಿ, ಚಹಾ ಕೊಡಾಕತ್ತಾಳಲ್ಲ ಇಕಿನೇ. ಏನಾಗ್ಯದ ಇಕಿಗೆ?"

ಅಂಗಳದಲ್ಲಿದ್ದವರೆಲ್ಲರೂ ನನ್ನನ್ನು ನೋಡಿದರು. ತಾನು ಏನು ಹೇಳಿದೆ ಎಂಬುದು ಮಾವನಿಗೆ ಹೊಳೆಯಲೇ ಇಲ್ಲ, ಇನ್ನೂ ನಗುತ್ತಲೇ ಇದ್ದ. ಹಣಮಂತಮ್ಮ ಸೂಜಿ ಕೆಳಗಿಟ್ಟು "ಹೌದೇನವ್ವಾ?" ಎಂದಳು. ತಟ್ಟೆಯನ್ನು ಅಲ್ಲಿಯೇ ಇಟ್ಟು ಮೆಟ್ಟಿಲು ಹತ್ತಿ ಓಡಿದೆ.

ಸಪ್ನಾ ಹಿಂದೆಯೇ ಬಂದಳು. "ನಿನಗ ಗೊತ್ತಿತ್ತು. ಕೀಲಿ ನನ್ನ ಕೈಗೆ ಬಂದಾಗ ನಿನಗ ಗೊತ್ತಿತ್ತು, ಬಾಯಿ ಬಿಡಲಿಲ್ಲಲ್ಲೇ!"

"ಹೇಳಿದ್ರ ಯಾರು ಕೇಳ್ತಿದ್ರು?" ನಾನೂ ಕೂಗಿದೆ. "ನಿನಗೇನು, ನಿಮ್ಮವ್ವ ಮೊದಲನೇ ಬಸ್ಸಿಗೆ ಬಂದ್ಲು. ನಮ್ಮವ್ವ ಸೀರಿ ಇಸ್ಕೊಂಡ್ಲು! ನಿನ್ನ ಕಂಡ್ರ ನನಗ ಹೊಟ್ಟಿ ಉರೀತದ. ಆ ರಾತ್ರಿಯಿಂದ ಉರಿಯಾಕತ್ತದ!"

ಇಷ್ಟು ದಿನ ಇಲ್ಲಿ ಬರೆದಿದ್ದು ಬಾಯಿಂದ ಬಿದ್ದೇಬಿಟ್ಟಿತು. ಸಪ್ನಾ ಮಂಚದ ಮೇಲೆ ಕೂತಳು.

ಮಾವ ಹೋದ ಮೇಲೆ ಹಣಮಂತಮ್ಮ ಮೇಲೆ ಬಂದಳು. ನನ್ನ ಹೆಗಲು ನೋಡಿ "ಈ ಅಂಗಿ ಭುಜ ಇಳೀತದ, ತಗದು ಕೊಡು, ಹಿಡೀತೀನಿ" ಎಂದಳು. ಹಿಡಿದುಕೊಟ್ಟಳು. ಚೆನ್ನಾಗಿ ಕೂತಿದೆ. ಆದರೆ ಕಂಡವರ ಅವ್ವ ಎಷ್ಟು ಒಳ್ಳೆಯವಳಾದರೂ ಕಂಡವರ ಅವ್ವನೇ. ನನಗೆ ನನ್ನವ್ವ ಬೇಕು.

ಜುಲೈ 23, ಬುಧವಾರ

ಮೂರು ದಿನದಿಂದ ಮಾತಿಲ್ಲ. ಇವತ್ತು ಸಪ್ನಾ ತನ್ನ ಎಣ್ಣೆಯ ಬಾಟಲಿ ನನ್ನ ಮುಂದೆ ಇಟ್ಟು ಬೆನ್ನು ತಿರುಗಿಸಿ ಕೂತಳು. ಹಚ್ಚಿದೆ. ಅವಳ ಕೂದಲು ನನ್ನದಕ್ಕಿಂತ ದಪ್ಪ, ಅದರಲ್ಲೂ ಅವಳದೇ ಮೇಲು.

"ಕಮಿಟಿ ಮುಂದ ನಾ ನಿನ್ನ ಹೆಸರು ಹೇಳಂಗಿಲ್ಲ" ಎಂದಳು. "ನೀನಾಗೇ ಹೇಳಿದ್ರ ಹೇಳು."

ಜುಲೈ 29, ಮಂಗಳವಾರ, ಪಂಚಮಿ. ಕಕ್ಕೇರಾ

ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು, ಎಲ್ಲರೂ ಕರೆದರೂ ಹತ್ತಲಿಲ್ಲ. ಮಧ್ಯಾಹ್ನ ಅಪ್ಪ ಟ್ರ್ಯಾಕ್ಟರ್ ತೆಗೆದುಕೊಂಡು ಹೋದ ಮೇಲೆ ಮಾವ ಬಂದ. ಕೈಯಲ್ಲಿ ಅಂಗಡಿಯ ಚೀಲ.

"ನಿಮ್ಮಣ್ಣ ಕಳಿಸ್ಯಾನ" ಎಂದ. "ಈ ವರ್ಷ ಅವಗ ಬರಾಕ ಆಗಲಿಲ್ಲ, ಗೊತ್ತಲ್ಲ. ತಂಗಿ ನನ್ನ ಕಡಿ ಇರಬೇಕು ಅಂದಾನ."

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. "ನನಗ ಅಣ್ಣ ಬ್ಯಾಡ."

"ಹಬ್ಬದ ಅರಿವಿ ತಿರುಗಿ ಕಳಿಸಬಾರದು, ಕೆಟ್ಟದು. ಇಸ್ಕೋ" ಎಂದಳು ಅವ್ವ. ನಾನು ಇಸಿದುಕೊಳ್ಳಲಿಲ್ಲ. ಮಾವ ಚೀಲವನ್ನು ಗೂಟಕ್ಕೆ ತೂಗುಹಾಕಿ ಉಂಡಿ ತಿಂದು ಹೋದ.

ಆಮೇಲೆ ಒಲೆಯ ಮುಂದೆ ನಾವಿಬ್ಬರೇ. ಹೋದ ವರ್ಷ ಅರ್ಧಕ್ಕೆ ನಿಂತಿದ್ದನ್ನು ಪೂರ್ತಿ ಹೇಳಿದೆ. ಸಪ್ನಾ ಹೇಳಿದ ಹಾಗೆ, ಎಲ್ಲಿ, ಎಷ್ಟು ಹೊತ್ತು, ಹೇಗೆ. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ರೊಟ್ಟಿ ಹರಿದುಹೋಯಿತು. ಅವ್ವನ ರೊಟ್ಟಿ ಹರಿದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ನಾ ಆಗ ಏನ್ ಮಾಡಬೇಕಿತ್ತು?" ಎಂದಳು. "ನಿಮ್ಮಪ್ಪಗ ತಿಳಿದಿದ್ರ ಮರುದಿನಾನೇ ನಿನ್ನ ಸಾಲಿ ಬಿಡಿಸಿ ಗಂಡು ನೋಡ್ತಿದ್ದ. ನಿನ್ನ ಓದು ಉಳೀಲಿ ಅಂತ ಆ ಸೀರಿ ಇಸ್ಕೊಂಡೆ."

ಇದು ನನಗೆ ಗೊತ್ತಿರಲಿಲ್ಲ. ಒಂದು ವರ್ಷದಿಂದ ಅವ್ವನನ್ನು ಮನಸ್ಸಿನಲ್ಲಿ ಬೈಯುತ್ತಿದ್ದೆ, ಆಕೆ ಹೆದರಿದ್ದಳೆಂದು ಒಂದು ಸಲವೂ ಹೊಳೆದಿರಲಿಲ್ಲ. ಆದರೂ ಬಿಡಲಿಲ್ಲ. "ನನ್ನ ಒಂದು ಮಾತು ಕೇಳಿದಿ ಏನಬೇ? ನನ್ನ ಕೈಲೆ ಆರತಿ ಮಾಡಿಸಿದಿ. ಅವನ ಕಾಲಿಗೆ ಬೀಳಿಸಿದಿ."

ಅವ್ವ ಹರಿದ ರೊಟ್ಟಿಯನ್ನು ಮತ್ತೆ ಹಿಟ್ಟಿಗೆ ಸೇರಿಸಿ ನಾದಿದಳು. ನಾದುತ್ತಲೇ, "ಆ ಹುಡುಗಿ ಅವ್ವ ನಿಮ್ಮ ಮಾವಗ ಏನಂದ್ಲು?" ಎಂದು ಕೇಳಿದಳು. ಹೇಳಿದೆ. ಅವ್ವ ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಉಣ್ಣುವಾಗ ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಪಾತ್ರೆ ತಿಕ್ಕುವಾಗ ಮೂರನೆಯ ಸಲ ಕೇಳಿದಳು. ಆಗ ನಗಲಿಲ್ಲ.

ಕಮಿಟಿಯವರು ಕರೆದರೆ ನನ್ನ ಜೊತೆ ಬರುತ್ತೀಯಾ ಎಂದೆ. "ಸಾಲಿ ಹುಡುಗರಿಗೆ ಅನ್ನ ಯಾರು ಮಾಡಬೇಕು? ಆಗಂಗಿಲ್ಲ" ಎಂದಳು. ಬರಬೇಡ ಹಾಗಾದರೆ.

ಆಗಸ್ಟ್ 2, ಶನಿವಾರ

ಸಾಕ್ಷಿ ಹೇಳುತ್ತೇನೆಂದು ಇತಿಹಾಸದ ಮೇಡಂಗೆ ಬರೆದುಕೊಟ್ಟೆ. ಧೈರ್ಯ ಗೀರ್ಯ ಏನೂ ಅಲ್ಲ. ಎಲ್ಲದರಲ್ಲೂ ಸಪ್ನಾನೇ ಯಾಕೆ ಮುಂದೆ ಇರಬೇಕು ಎಂದು ಕೊಟ್ಟೆ. ಆಕೆಯ ಮಾತನ್ನು ಸುಳ್ಳೆಂದು ತಳ್ಳಿಹಾಕಿದರೆ ನನ್ನದನ್ನೂ ತಳ್ಳಿದಂತೆಯೇ ಅಲ್ಲವೇ. ಅದು ನನಗೆ ಹೇಗೆ ಸರಿಬೀಳುತ್ತದೆ?

ಅಲ್ಮಾಸ ಮೇಡಂಗೂ ಫೋನು ಮಾಡಿದೆ. "ಆ ಗುರುಮಠಕಲ್ ಗೆಳತಿ ನಾನೇ ರೀ."

"ಗೊತ್ತಮ್ಮಾ" ಎಂದರು. ಹನ್ನೊಂದನೇ ತಾರೀಖು ಸೋಮವಾರ ಸಮಿತಿ ಸೇರುವ ದಿನ ತಾವೂ ಬಂದು ಬಾಗಿಲ ಹೊರಗೆ ಕೂರುತ್ತಾರಂತೆ. ಪೊಲೀಸರ ವಿಷಯ ಆಮೇಲೆ ನೋಡೋಣ, ಅವಸರವಿಲ್ಲ, ನಿನ್ನ ಮನಸ್ಸು ಎಂದರು.

ಅವ್ವ ಕಟ್ಟಿಕೊಟ್ಟ ಉಂಡಿಯಲ್ಲಿ ಸಪ್ನಾ ದೊಡ್ಡದನ್ನೇ ಆರಿಸಿಕೊಂಡಳು. ಸಂಜೆ ಅವಳ ಅವ್ವನ ಫೋನು ಬಂದಾಗ ಅವಳು ಬಚ್ಚಲಲ್ಲಿದ್ದಳು, ನಾನೇ ಎತ್ತಿದೆ. ಮಾತಾಡುತ್ತ ಮಾತಾಡುತ್ತ ಸಪ್ನಾ ಬಂದು ಕಸಿದುಕೊಳ್ಳುವವರೆಗೆ ಇಡುವುದು ಮರೆತೇಹೋಯಿತು.

ಆಗಸ್ಟ್ 10, ಭಾನುವಾರ

ಅವ್ವನಿಗೆ ಫೋನು ಮಾಡಿ ನಾಳೆ ಎಂದೆ. "ಹೂಂ" ಎಂದು ಇಟ್ಟಳು.

ಹಣಮಂತಮ್ಮ ಮೊದಲ ಬಸ್ಸಿಗೆ ಬರುತ್ತಾಳೆ. ಬರಲಿ. ಆಕೆಗೆ ಬೇರೆ ಕೆಲಸವೇ ಇಲ್ಲ.

ಆಗಸ್ಟ್ 11, ಸೋಮವಾರ

ಸಮಿತಿಯ ಕೋಣೆಯ ಮುಂದಿನ ಬೆಂಚಿನಲ್ಲಿ ಹಣಮಂತಮ್ಮ, ಸಪ್ನಾ, ಅಲ್ಮಾಸ ಮೇಡಂ, ತುದಿಯಲ್ಲಿ ನಾನು. ಮೊದಲು ಸಪ್ನಾಳನ್ನು ಕರೆದರು. ಒಳಗೆ ಹೋಗುವ ಮುಂಚೆ ಆಕೆ ತನ್ನ ಅವ್ವನನ್ನು ನೋಡಿದಳು, ಅವ್ವ ತಲೆ ಅಲ್ಲಾಡಿಸಿದಳು. ಅಷ್ಟೇ. ಅಷ್ಟಕ್ಕೇ ನನ್ನ ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಯಿತು. ನಾನು ತಿರುಗಿ ಯಾರನ್ನು ನೋಡಲಿ?

ಆಕೆ ಹೊರಗೆ ಬರುವ ಹೊತ್ತಿಗೆ ಗೇಟಿನ ಕಡೆಯಿಂದ ಯಾರೋ ದೊಡ್ಡ ದೊಡ್ಡ ಹೆಜ್ಜೆ ಹಾಕಿ ಬರುತ್ತಿದ್ದರು. ಆ ನಡಿಗೆ ನನಗೆ ಗೊತ್ತು. ಬಿಸಿಯೂಟದ ನೀಲಿ ಸೀರೆ, ಬೆವರಿದ ಮುಖ. ನಾನು ಎದ್ದು ನಿಂತೆ.

ಅವ್ವ ನನ್ನ ಹತ್ತಿರ ಬರಲಿಲ್ಲ! ನೆಟ್ಟಗೆ ಸಪ್ನಾಳ ಹತ್ತಿರ ಹೋಗಿ, ಮುಖದ ಮೇಲೆ ಎರಡೂ ಕೈ ಇಳಿಸಿ ನೆಟಿಗೆ ಮುರಿದಳು. "ನೀ ಬಾಯಿ ತಗದಿದ್ದಕ್ಕ ನನ್ನ ಮಗಳ ದನಿ ನನಗ ಕೇಳಿಸ್ತವ್ವ" ಎಂದಳು. ಹಣಮಂತಮ್ಮನ ಕೈ ಹಿಡಿದಳು. ಇಬ್ಬರೂ ಹಳೆಯ ಪರಿಚಯದವರ ಹಾಗೆ ನಿಂತರು. ಕಕ್ಕೇರಾದಿಂದ ಬಂದಿದ್ದು ಯಾರಿಗಾಗಿ, ನಿಂತಿದ್ದು ಯಾರ ಹತ್ತಿರ! ಉರಿದುಹೋದೆ.

ಆಮೇಲೆ ನನ್ನ ಕಡೆ ಬಂದಳು. ಸೆರಗಿನಿಂದ ನನ್ನ ಮುಖ ಒರೆಸಿದಳು. ಬೆವರು ಇದ್ದಿದ್ದು ಅವಳ ಮುಖದ ಮೇಲೆ.

"ನಿಮ್ಮಪ್ಪಗ ಹೇಳೇ ಬಂದೀನಿ" ಎಂದಳು.

"ಏನಂದ?"

"ಏನೂ ಅನಲಿಲ್ಲ. ಬಾಳೊತ್ತು ಹೊರಗ ಕುಂತಿದ್ದ. ಮುಂಜಾನಿ ಬಸ್‌ಸ್ಟ್ಯಾಂಡಿನ ತನ ಬಿಟ್ಟು ಹೋದ. ಸುರಪುರದಾಗ ಇಳದು ಆ ಚೀಲ ನಿಮ್ಮ ಮಾವನ ಅಂಗಡ್ಯಾಗ ಒಗದು ಬಂದೆ, ಅದಕ್ಕ ತಡಾತು."

"ಮತ್ತ ಸಾಲಿ ಹುಡುಗರ ಅನ್ನ?"

"ಒಂದು ದಿನ ಬ್ಯಾರೆಯವರು ಮಾಡ್ತಾರ."

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕರೆದರು. ಚಂದ್ರಕಲಾ ಅಮಾತೆಪ್ಪ. ಸಪ್ನಾ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು "ನಡೀಯೇ" ಎಂದಳು. ಅವ್ವ ನನ್ನ ಜೊತೆಗೇ ಬಾಗಿಲವರೆಗೆ ಬಂದು ಹೊಸ್ತಿಲ ಹತ್ತಿರ ನಿಂತಳು.

ಮೇಜಿನ ಆ ಕಡೆ ಇತಿಹಾಸದ ಮೇಡಂ, ಇನ್ನೂ ನಾಲ್ಕೈದು ಜನ, ಹೊರಗಿನ ಸಂಸ್ಥೆಯಿಂದ ಬಂದ ಒಬ್ಬ ವಯಸ್ಸಾದ ಅಮ್ಮ. ಆ ಅಮ್ಮ ಕುರ್ಚಿ ತೋರಿಸಿ, ನೀರಿನ ಲೋಟ ಸರಿಸಿ, ಹೆದರಬ್ಯಾಡ ಎಂದರು. ಮೊದಲನೆಯ ಪ್ರಶ್ನೆಯಾಗಿ ಏನೇನೋ ಕೇಳುತ್ತಾರೆಂದು ರಾತ್ರಿಯೆಲ್ಲ ಉತ್ತರ ಕಲಿತಿದ್ದೆ. ಅವರು ಕೇಳಿದ್ದು ಬೇರೆಯೇ.

"ಯಾರ ಜೋಡಿ ಬಂದೀಯವ್ವ?"

ಬಾಗಿಲು ಇನ್ನೂ ಹಾಕಿರಲಿಲ್ಲ. ಬೆಂಚಿನಲ್ಲಿ ಕೂತ ಸಪ್ನಾಳಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ನಮ್ಮವ್ವನ ಜೋಡಿ ಬಂದೀನ್ರಿ."